ಅವರವರ ಮನೆಯೆದುರಿನ ಕಾವಲು

ಮಾನ್ಯ ಸಂಪಾದಕರಿಗೆ,

ಆಗಮನ ಕಾಲ ಹತ್ತಿರವಾಗುತ್ತಿದೆ. ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಈ ಅವಧಿಯಲ್ಲಿ ಬ್ರಿಗೇಡ್ ರಸ್ತೆ, ಕಮರ್ಷಿಯಲ್ ಸ್ಟ್ರೀಟ್‌ಗಳಲ್ಲಿ ನಕ್ಷತ್ರಗಳು ತೂಗುವುದೂ ಬೇಕರಿಗಳ ಮುಂದೆ ಪ್ಲಮ್ ಕೇಕಿಗಾಗಿ ಜನ ಸಾಲುಗಟ್ಟುವುದೂ ಬೆಂಗಳೂರಿಗೆ ಹೊಸದಲ್ಲ. ಅದರ ವಿಷಯದಲ್ಲಿ ನನ್ನ ತಕರಾರೂ ಇಲ್ಲ. ಇದೇ ದಿನಗಳಲ್ಲಿ ನಮ್ಮ ಕ್ರೈಸ್ತ ಕುಟುಂಬಗಳ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಏಳುವ ಇನ್ನೊಂದು ಬಗೆಯ ಗಡಿಬಿಡಿಯ ಬಗ್ಗೆ ಈ ಪತ್ರ ಬರೆಯುತ್ತಿದ್ದೇನೆ. ಎಲ್ಲೋ ಯುದ್ಧವಾದರೆ, ಎಲ್ಲೋ ಭೂಮಿ ನಡುಗಿದರೆ, ಕಡೆಗೆ ಒಂದು ಗ್ರಹಣ ಹಿಡಿದರೂ ಸಾಕು, "ಎಚ್ಚರವಾಗಿರಿ, ಅಂತ್ಯ ಬಂದೇ ಬಿಟ್ಟಿತು" ಎಂಬ ವಿಡಿಯೊಗಳು ಒಂದರ ಹಿಂದೊಂದು ಬರತೊಡಗುತ್ತವೆ. ಚೆನ್ನಾಗಿ ಓದಿಕೊಂಡವರು, ಸಭೆಯ ಹಿರಿಯರು ಕೂಡ ಅವನ್ನು ನೋಡಿ ಮತ್ತೊಬ್ಬರಿಗೆ ಕಳುಹಿಸುತ್ತಾರೆ. ಎಚ್ಚರವಾಗಿರಿ ಎಂದು ಯೇಸುಸ್ವಾಮಿ ಹೇಳಿದ್ದು ನಿಜ. ಆದರೆ ಆತನು ಯಾವ ಎಚ್ಚರವನ್ನು ಕೇಳಿದನೋ ಅದು ಈ ಗಡಿಬಿಡಿಯಲ್ಲಿ ಕಳೆದುಹೋಗುತ್ತಿದೆಯೆಂದು ನನಗೆ ಬಲವಾಗಿ ಅನಿಸುವುದರಿಂದ ತಮ್ಮ ಪತ್ರಿಕೆಯ ಮೂಲಕ ಕೆಲವು ಮಾತು ಹೇಳಬಯಸುತ್ತೇನೆ.

ಕಥೋಲಿಕ ಧರ್ಮಸಭೆಯಲ್ಲಿಯೂ ಇನ್ನು ಹಲವು ಸಭೆಗಳಲ್ಲಿಯೂ ಆಗಮನ ಕಾಲದ ಮೊದಲ ಭಾನುವಾರಕ್ಕೆ ಮೂರು ವರ್ಷಗಳ ಸರದಿಯಲ್ಲಿ ಯೇಸುವಿನ ಚರಿತೆ ಹೇಳುವ ಸುವಾರ್ತೆಗಳಿಂದ ಮತ್ತಾಯ 24, ಮಾರ್ಕ 13 ಮತ್ತು ಲೂಕ 21ನೇ ಅಧ್ಯಾಯಗಳ ಭಾಗಗಳನ್ನು ಓದುತ್ತಾರೆ. ಮೂರರಲ್ಲಿಯೂ ಎಚ್ಚರದ ಕರೆಯಿದೆ, ಮೂರನ್ನೂ ನಿಧಾನವಾಗಿ ಓದಿದರೆ ಅಲ್ಲಿನ ಒತ್ತು ಎಲ್ಲಿದೆಯೆಂಬುದು ತಾನಾಗಿ ತಿಳಿಯುತ್ತದೆ. ಮತ್ತಾಯನಲ್ಲಿ ಜಲಪ್ರಳಯಕ್ಕೆ ಮುಂಚಿನ ನೋಹನ ದಿನಗಳ ಪ್ರಸ್ತಾಪ ಬರುತ್ತದೆ. ಆ ಜನ ಉಣ್ಣುತ್ತಿದ್ದರು, ಕುಡಿಯುತ್ತಿದ್ದರು, ಮದುವೆ ಮಾಡಿಕೊಳ್ಳುತ್ತಿದ್ದರು, ಮಾಡಿಕೊಡುತ್ತಿದ್ದರು ಎಂದು ಅಲ್ಲಿ ಹೇಳಿದೆಯೇ ಹೊರತು ಅವರ ಕೊಲೆ ಸುಲಿಗೆಗಳ ಪಟ್ಟಿಯಿಲ್ಲ. ಉಣ್ಣುವುದಾಗಲಿ ಮದುವೆಯಾಗಲಿ ಪಾಪವಲ್ಲ. ಮುಂದಿನ ಮಾತಿನಲ್ಲಿ ಇಬ್ಬರು ಹೊಲದಲ್ಲಿದ್ದಾರೆ, ಇಬ್ಬರು ಹೆಂಗಸರು ಬೀಸುವ ಕಲ್ಲಿನ ಮುಂದೆ ಕೂತಿದ್ದಾರೆ. ಕರ್ತನಾದ ಯೇಸು ಮರಳಿ ಬರುವ ದಿನ ಅವರನ್ನು ಕಾಣುವುದು ಆ ಕೆಲಸದ ನಡುವೆಯೇ. ರಾಗಿ ಬೀಸುವಾಗ ಮನಸ್ಸು ಹೇಗಿದೆ, ಹೊಲದಲ್ಲಿ ಪಕ್ಕದವನ ಜೊತೆ ನಡತೆ ಹೇಗಿದೆ ಎಂಬುದೇ ಅಲ್ಲಿನ ಪ್ರಶ್ನೆ. ಆ ದಿನವನ್ನಾಗಲಿ ಗಳಿಗೆಯನ್ನಾಗಲಿ ತಂದೆಯ ಹೊರತು ಯಾರೂ ಅರಿಯರು ಎಂದು ಅದೇ ಅಧ್ಯಾಯ ಹೇಳುತ್ತಿದ್ದರೂ ಅಮೆರಿಕದ ಪ್ರಸಂಗಿ ವಿಲಿಯಂ ಮಿಲ್ಲರನ ಹಿಂಬಾಲಕರು 1844ರ ಅಕ್ಟೋಬರ್ 22ನ್ನು ನೆಚ್ಚಿ ಕಾದು ನಿರಾಶರಾದರು. ಹೆರಾಲ್ಡ್ ಕ್ಯಾಂಪಿಂಗ್ ಎಂಬ ರೇಡಿಯೊ ಪ್ರಸಂಗಿ 2011ರ ಮೇ 21ನ್ನು ಗೊತ್ತುಮಾಡಿ ಎಷ್ಟೋ ಜನರ ಉಳಿತಾಯವನ್ನೂ ನೆಮ್ಮದಿಯನ್ನೂ ಹಾಳುಮಾಡಿದ. ಇವರೆಲ್ಲ ಆಕಾಶವನ್ನು ಎಚ್ಚರದಿಂದಲೇ ನೋಡುತ್ತಿದ್ದರು.

ಮಾರ್ಕನು ಕೊಡುವ ಸಾಮ್ಯ ಇನ್ನೂ ಚಿಕ್ಕದು. ಮನೆಯ ಯಜಮಾನ ಪರಸ್ಥಳಕ್ಕೆ ಹೋಗುವಾಗ ಆಳುಗಳಿಗೆ ಅಧಿಕಾರ ಕೊಟ್ಟು, ಒಬ್ಬೊಬ್ಬನಿಗೆ ಅವನವನ ಕೆಲಸ ನೇಮಿಸಿ, ಬಾಗಿಲು ಕಾಯುವವನಿಗೆ ಎಚ್ಚರವಾಗಿರಬೇಕೆಂದು ಅಪ್ಪಣೆ ಕೊಡುತ್ತಾನೆ. ಯಜಮಾನ ಸಂಜೆ ಬರುತ್ತಾನೋ, ಮಧ್ಯರಾತ್ರಿಯೋ, ಕೋಳಿ ಕೂಗುವಾಗಲೋ, ಮುಂಜಾನೆಯೋ ಗೊತ್ತಿಲ್ಲ. ಇವು ರೋಮನ್ನರ ಕಾಲದ ರಾತ್ರಿಯ ನಾಲ್ಕು ಜಾವಗಳು. ಪುಟ ತಿರುಗಿಸಿ ಮುಂದಿನ ಎರಡು ಅಧ್ಯಾಯಗಳನ್ನು ಓದಿದರೆ ಅದೇ ನಾಲ್ಕು ಜಾವಗಳು ಮತ್ತೆ ಬರುತ್ತವೆ ಎಂಬುದನ್ನು ಸತ್ಯವೇದದ ಪಂಡಿತರು ಗುರುತಿಸಿದ್ದಾರೆ. ಸಂಜೆ ಯೇಸು ಹನ್ನೆರಡು ಮಂದಿಯೊಡನೆ ಊಟಕ್ಕೆ ಕೂರುತ್ತಾನೆ, ದ್ರೋಹ ಬಗೆಯುವವನು ಅದೇ ಪಂಕ್ತಿಯಲ್ಲಿದ್ದಾನೆ. ರಾತ್ರಿ ಗೆತ್ಸೇಮನೆಯ ತೋಟದಲ್ಲಿ ಶಿಷ್ಯರು ನಿದ್ದೆಹೋಗುತ್ತಾರೆ. ಕೋಳಿ ಕೂಗುವ ಹೊತ್ತಿಗೆ ಶಿಷ್ಯ ಪೇತ್ರನು ಆತನನ್ನು ಅರಿಯೆನೆನ್ನುತ್ತಾನೆ. ಮುಂಜಾನೆ ಆತನನ್ನು ರೋಮನ್ ಅಧಿಪತಿ ಪಿಲಾತನ ಕೈಗೆ ಒಪ್ಪಿಸುತ್ತಾರೆ. ಲೋಕಾಂತ್ಯದ ಮಾತೆಂದು ನಾವು ಓದಿಕೊಂಡ ಎಚ್ಚರಿಕೆ ಆ ವಾರದೊಳಗೇ, ಒಂದೇ ರಾತ್ರಿಯಲ್ಲಿ, ಪರೀಕ್ಷೆಗೆ ಬಂತು; ಊಟದ ಮನೆಯಲ್ಲಿ, ತೋಟದಲ್ಲಿ, ಅಂಗಳದಲ್ಲಿ ಬಂತು.

ಪೇತ್ರನ ಸಂಗತಿಯನ್ನು ಸ್ವಲ್ಪ ಹೆಚ್ಚು ಹೊತ್ತು ನೋಡುವುದು ಒಳ್ಳೆಯದು. ಸಾಯಬೇಕಾದರೂ ಬಿಟ್ಟುಹೋಗೆನು ಎಂದು ಊಟದ ನಂತರ ಆಡಿದ ಮಾತು ಸುಳ್ಳಲ್ಲ. ತೋಟಕ್ಕೆ ಆಯುಧ ಹಿಡಿದವರು ಬಂದಾಗ ಕತ್ತಿ ಹಿರಿದವನು ಅವನೇ ಎಂದು ಯೋಹಾನನ ಸುವಾರ್ತೆ ಹೇಳುತ್ತದೆ. ದೊಡ್ಡ ಅಪಾಯಕ್ಕೆ ಅವನು ಸಿದ್ಧನಾಗಿದ್ದ. ಅವನು ಸೋತದ್ದು ಮಹಾಯಾಜಕನ ಅಂಗಳದಲ್ಲಿ, ಚಳಿಗೆ ಇದ್ದಲಿನ ಬೆಂಕಿ ಹಾಕಿಕೊಂಡು ನಿಂತ ನಾಲ್ಕು ಜನರ ನಡುವೆ, ಮನೆಗೆಲಸದ ಹುಡುಗಿಯೊಬ್ಬಳು ಮುಖ ನೋಡಿ "ನೀನೂ ಅವನ ಜೊತೆ ಇದ್ದವನಲ್ಲವೇ" ಎಂದಾಗ. ಅವಳ ಕೈಯಲ್ಲಿ ಕತ್ತಿಯಿರಲಿಲ್ಲ. ಆ ಹೊತ್ತಿಗೆ ಒಂದು ಸಣ್ಣ ಸುಳ್ಳು ಅನುಕೂಲವಾಗಿತ್ತು, ಬಾಯಿಂದ ಬಂದುಬಿಟ್ಟಿತು. ಒಂದು ಸಲ ಬಂದದ್ದು ಇನ್ನೆರಡು ಸಲ ಬರುವುದು ಕಷ್ಟವಾಗಲಿಲ್ಲ. ನಮ್ಮ ದಿನಗಳಲ್ಲಿಯೂ ಹಾಗೆಯೇ. ನಂಬಿಕೆಗಾಗಿ ಪ್ರಾಣ ಕೊಡುವಿರಾ ಎಂದು ಯಾರೂ ನಮ್ಮನ್ನು ಕೇಳುವುದಿಲ್ಲ. ಕಚೇರಿಯ ಕ್ಯಾಂಟೀನಿನಲ್ಲಿ ಎದುರಿಗಿಲ್ಲದವರ ಬಗ್ಗೆ ಮಾತು ಏಳುತ್ತದೆ, ನಾವೂ ಒಂದು ಮಾತು ಸೇರಿಸುತ್ತೇವೆ. ಬಾಡಿಗೆ ಕರಾರಿನಲ್ಲಿ ಒಂದು ಮೊತ್ತ ಬರೆದು ಕೈಗೆ ಇನ್ನೊಂದು ಮೊತ್ತ ಪಡೆಯುತ್ತೇವೆ. ಸಹೋದ್ಯೋಗಿ ರಾತ್ರಿಯೆಲ್ಲ ಕೂತು ಮಾಡಿದ ಕೆಲಸವನ್ನು ಮೇಲಿನವರು ನಮ್ಮದೆಂದು ಹೊಗಳಿದಾಗ ಸುಮ್ಮನಿರುತ್ತೇವೆ. ಗರ್ಜಿಸುವ ಸಿಂಹದ ಹಾಗೆ ಸೈತಾನನು ಯಾರನ್ನು ನುಂಗಲೆಂದು ತಿರುಗುತ್ತಾನೆ, ಸ್ವಸ್ಥಚಿತ್ತರಾಗಿರಿ, ಎಚ್ಚರವಾಗಿರಿ ಎಂಬ ಮಾತು ಅದೇ ಪೇತ್ರನ ಮೊದಲನೆಯ ಪತ್ರದಲ್ಲಿದೆ. ಅದರ ಹಿಂದಿನ ವಚನ ನಿಮ್ಮ ಚಿಂತೆಯನ್ನೆಲ್ಲ ಆತನ ಮೇಲೆ ಹಾಕಿರಿ ಎನ್ನುತ್ತದೆ. ಪಶ್ಚಿಮದ ಸಭೆಯಲ್ಲಿ ಮಲಗುವ ಮುನ್ನ ಹೇಳುವ ರಾತ್ರಿ ಪ್ರಾರ್ಥನೆಯಲ್ಲಿ ಈ ಸಿಂಹದ ವಚನವನ್ನು ಶತಮಾನಗಳಿಂದ ಓದಿಕೊಂಡು ಬಂದಿದ್ದಾರೆ. ಎಚ್ಚರದ ಮಾತು ಕೇಳಿ ನೆಮ್ಮದಿಯಾಗಿ ನಿದ್ದೆಗೆ ಹೋಗುವುದು ಸಾಧ್ಯವೆಂದು ನಮ್ಮ ಹಿರಿಯರು ನಂಬಿದ್ದರು.

ಚಿಂತೆಯ ವಿಷಯ ಬಂದದ್ದರಿಂದ ಲೂಕನ ಮಾತನ್ನೂ ಹೇಳಬೇಕು; ಬೆಂಗಳೂರಿನವರಿಗೆ ಅದಕ್ಕಿಂತ ಹತ್ತಿರದ ಮಾತು ಇಲ್ಲವೆಂದೇ ನನ್ನ ಭಾವನೆ. ಅತಿ ಭೋಜನ, ಕುಡಿತ, ಪ್ರಪಂಚದ ಚಿಂತೆ, ಈ ಮೂರರಿಂದ ನಿಮ್ಮ ಹೃದಯ ಭಾರವಾಗದಂತೆ ನೋಡಿಕೊಳ್ಳಿರಿ ಎಂದು 21ನೇ ಅಧ್ಯಾಯದ 34ನೇ ವಚನ ಹೇಳುತ್ತದೆ. ಮೊದಲಿನ ಎರಡರ ಮೇಲೆ ಪ್ರಸಂಗಗಳನ್ನು ಬೇಕಾದಷ್ಟು ಕೇಳಿದ್ದೇವೆ. ಮೂರನೆಯದನ್ನು ಮಾತ್ರ ದೋಷವೆಂದು ಎಣಿಸುವುದೇ ಇಲ್ಲ, ಜವಾಬ್ದಾರಿಯೆಂದು ಕರೆಯುತ್ತೇವೆ. ಮನೆ ಸಾಲದ ಕಂತು, ಮಗುವಿನ ಶಾಲೆಯ ಸೀಟು, ಸೈಟಿನ ಖಾತೆ, ಈ ತಿಂಗಳು ಕಂಪನಿಯಲ್ಲಿ ಯಾರ ಕೆಲಸ ಹೋಗುತ್ತದೋ ಎಂಬ ಅಂಜಿಕೆ, ಇವು ತಲೆಯಲ್ಲಿ ತುಂಬಿಕೊಂಡು ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಮುಕ್ಕಾಲು ಗಂಟೆ ಕೂತವನು ಮನೆಗೆ ಬಂದಾಗ ಹೆಂಡತಿಯ ಮುಖ ಬಾಡಿರುವುದನ್ನು ಕಾಣುವುದಿಲ್ಲ, ಮಗಳು ಹೇಳಬೇಕೆಂದು ಬಂದ ಮಾತನ್ನು ನುಂಗಿಕೊಂಡು ಒಳಗೆ ಹೋದದ್ದು ಅವನಿಗೆ ತಿಳಿಯುವುದಿಲ್ಲ. ಅವನು ಕುಡಿದಿಲ್ಲ. ಕುಡಿದವನಿಗೆ ಎಷ್ಟು ತಿಳಿಯುತ್ತಿತ್ತೋ ಅವನಿಗೂ ಅಷ್ಟೇ ತಿಳಿಯುತ್ತಿದೆ. ಕುಡಿತವನ್ನೂ ಚಿಂತೆಯನ್ನೂ ಒಂದೇ ಸಾಲಿನಲ್ಲಿ ಇಟ್ಟದ್ದರ ಕಾರಣ ಇಲ್ಲಿದೆ. ಬಡತನದ ಚಿಂತೆ ಬೇರೆ, ಅದನ್ನು ಹಗುರವಾಗಿ ಮಾತನಾಡುವ ಹಕ್ಕು ನನಗಿಲ್ಲ. ಆದರೆ ಊಟಕ್ಕೆ ಕೊರತೆಯಿಲ್ಲದ ನಮ್ಮಂಥವರ ಮನೆಗಳಲ್ಲಿಯೂ ರಾತ್ರಿಯ ಕುಟುಂಬ ಪ್ರಾರ್ಥನೆ ನಿಂತುಹೋಗಿರುವುದಕ್ಕೆ ನಾವು ಹೇಳುವ ಕಾರಣ ಪುರಸೊತ್ತಿಲ್ಲ ಎಂಬುದೇ. ಅದೇ ಮನೆಯಲ್ಲಿ ಊಟವಾದ ಮೇಲೆ ನಾಲ್ವರೂ ನಾಲ್ಕು ಮೂಲೆಗಳಲ್ಲಿ ಫೋನು ಹಿಡಿದು ಕೂರುವುದಕ್ಕೆ ಪುರಸೊತ್ತು ಇದ್ದೇ ಇರುತ್ತದೆ.

ಇನ್ನೊಂದು ಸಂಗತಿ ನಾನೇ ಕಂಡದ್ದು. ಕಳೆದ ಡಿಸೆಂಬರ್ 31ರ ರಾತ್ರಿ ನಾವಿರುವ ಅಪಾರ್ಟ್‌ಮೆಂಟಿನ ಕುಟುಂಬವೊಂದು, ಮಧ್ಯರಾತ್ರಿಯವರೆಗೆ ಎಚ್ಚರವಿದ್ದು ಹೊಸ ವರ್ಷವನ್ನು ಎದುರುಗೊಳ್ಳುವ ವಾಚ್ ನೈಟ್ ಆರಾಧನೆ ಮುಗಿಸಿಕೊಂಡು ಕಾರಿನಲ್ಲಿ ಬಂತು. ಹನ್ನೆರಡೂವರೆ ದಾಟಿತ್ತು. ಕಾವಲಿನವರು ಉತ್ತರ ಕರ್ನಾಟಕದ ಕಡೆಯ ವಯಸ್ಸಾದವರು, ಕಿವಿ ಮುಚ್ಚುವ ಉಣ್ಣೆ ಟೋಪಿ ಹಾಕಿಕೊಂಡು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತವರಿಗೆ ಜೋಂಪು ಹತ್ತಿತ್ತು. ಹಾರ್ನ್ ಒಂದೇ ಸಮನೆ ಬಡಿದುಕೊಂಡಿತು. ಅವರು ಗಾಬರಿಯಿಂದ ಎದ್ದು ಗೇಟು ತೆಗೆಯುವಷ್ಟರಲ್ಲಿ ಕಾರಿನ ಗಾಜು ಇಳಿದು, "ನಿದ್ದೆ ಮಾಡೋಕೆ ಸಂಬಳ ಕೊಡ್ತೀವೇನಯ್ಯಾ" ಎಂಬ ಮಾತೂ ಅದಕ್ಕಿಂತ ಒರಟಾದ ಇನ್ನೆರಡು ಮಾತುಗಳೂ ಬಂದವು. ಹಿಂದಿನ ಸೀಟಿನಲ್ಲಿ ಹೊಸ ಬಟ್ಟೆ ತೊಟ್ಟ ಮಕ್ಕಳಿದ್ದರು. ಆ ಯಜಮಾನರು ಕೆಟ್ಟವರಲ್ಲ, ಸಭೆಯ ಕೆಲಸಕ್ಕೆ ಮುಂದೆ ನಿಲ್ಲುವವರು. ಮಾರನೆಯ ದಿನ ಬೈದದ್ದು ಅವರ ನೆನಪಿನಲ್ಲಿ ಇತ್ತೋ ಇಲ್ಲವೋ. ಮತ್ತಾಯ 24ರ ಕೊನೆಯಲ್ಲಿ, ನನ್ನ ದಣಿ ತಡಮಾಡುತ್ತಾನೆ ಎಂದುಕೊಂಡು ಜೊತೆಯ ಆಳುಗಳನ್ನು ಹೊಡೆಯತೊಡಗುವ ಆಳಿನ ಸಾಮ್ಯವಿದೆ. ನಂಬಿಗಸ್ತನಾದ ಆಳು ಹೊತ್ತುಹೊತ್ತಿಗೆ ಮನೆಯವರಿಗೆ ಆಹಾರ ಕೊಡುತ್ತಿರುತ್ತಾನೆ, ಇವನು ಅವರ ಮೇಲೆ ಕೈಮಾಡುತ್ತಾನೆ. ದಣಿ ಬಂದು ವಿಚಾರಿಸುವುದು ಅದನ್ನೇ. ನಮ್ಮ ಮನೆಗೆ ಪಾತ್ರೆ ತೊಳೆಯಲು ಬರುವವರು, ಕಾರು ಒರೆಸುವವರು, ಹತ್ತು ನಿಮಿಷಕ್ಕೆ ಸಾಮಾನು ತಂದುಕೊಟ್ಟು ಓಡುವ ಡೆಲಿವರಿ ಹುಡುಗರು, ಇವರೆಲ್ಲ ನಮ್ಮ ಜೊತೆಯ ಆಳುಗಳು. ಊರಿಗೆ ಉಪಕಾರಿ ಮನೆಗೆ ಮಾರಿ ಎಂಬ ಗಾದೆಯ ಹಾಗೆ ಸಭೆಯಲ್ಲಿ ಮೃದುವಾಗಿರುವ ನಾಲಗೆ ಗೇಟಿನ ಹತ್ತಿರ ಕಾವಲಿಲ್ಲದೆ ಹೋದರೆ, ನನ್ನ ಬಾಯಿಗೆ ಕಾವಲಿಡು ಎಂಬ 141ನೇ ಕೀರ್ತನೆಯ ಪ್ರಾರ್ಥನೆಯನ್ನು ನಾವು ಯಾವಾಗ ಬಳಸುವುದಕ್ಕಾಗಿ ಕಲಿತೆವು?

ಎಲ್ಲಿ ನಮಗೆ ಭಯವಿಲ್ಲವೋ ಅಲ್ಲಿಯೇ ಕಾವಲು ತಪ್ಪುತ್ತದೆ. ಪ್ರಕಟನೆ ಗ್ರಂಥದ 3ನೇ ಅಧ್ಯಾಯದಲ್ಲಿ ಸಾರ್ದಿಸ್ ಊರಿನ ಸಭೆಗೆ, ಜೀವಿಸುವವನೆಂದು ಹೆಸರಿದ್ದರೂ ಸತ್ತವನಾಗಿದ್ದೀ, ಎಚ್ಚರಗೊಳ್ಳು ಎಂಬ ಕಠಿಣ ಮಾತು ಬರುತ್ತದೆ. ಆ ಊರಿನವರಿಗೆ ಅದು ತಟ್ಟುವ ಮಾತು. ಸಾರ್ದಿಸ್ಸಿನ ಕೋಟೆ ಕಡಿದಾದ ಗುಡ್ಡದ ಮೇಲಿತ್ತು. ಕ್ರಿ.ಪೂ. 6ನೇ ಶತಮಾನದಲ್ಲಿ ಪರ್ಷಿಯದ ಸೈರಸ್ ಮುತ್ತಿಗೆ ಹಾಕಿದಾಗ, ಕೋಟೆಯ ಸೈನಿಕನೊಬ್ಬ ಕೆಳಗೆ ಉರುಳಿದ ತನ್ನ ಶಿರಸ್ತ್ರಾಣವನ್ನು ತರಲು ಪ್ರಪಾತದ ಕಡೆಯಿಂದ ಇಳಿದು ಹತ್ತಿದ್ದನ್ನು ಪರ್ಷಿಯದ ಪಡೆಯವನೊಬ್ಬ ಕಂಡು, ಅದೇ ದಾರಿಯಲ್ಲಿ ಜನರನ್ನು ಏರಿಸಿದ ಕಥೆಯನ್ನು ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿದ್ದಾನೆ. ಆ ಮಗ್ಗುಲನ್ನು ಯಾರೂ ಹತ್ತಲಾರರು ಎಂದು ಅಲ್ಲಿ ಕಾವಲೇ ಹಾಕಿರಲಿಲ್ಲ. ಕ್ರಿ.ಪೂ. 3ನೇ ಶತಮಾನದ ಕೊನೆಯಲ್ಲಿ ಅರಸ ಮೂರನೆಯ ಆಂಟಿಯೋಕಸನ ಜನರೂ ಕಾವಲಿಲ್ಲದ ಕಡಿದಾದ ಕಡೆಯಿಂದಲೇ ಒಳಗೆ ಬಂದರು. ಪರಂಪರೆಯ ಕ್ರೈಸ್ತರಿಗೆ ಇದನ್ನು ನಾನು ವಿಶೇಷವಾಗಿ ಹೇಳಬಯಸುತ್ತೇನೆ. ಮೂರು ತಲೆಮಾರಿನ ದೀಕ್ಷಾಸ್ನಾನದ ದಾಖಲೆ, ತಾತನ ಹೆಸರು ಕೆತ್ತಿದ ದೇವಾಲಯದ ಬೆಂಚು, ಬಾಯಿಪಾಠವಾಗಿರುವ ಕೀರ್ತನೆಗಳು, ಇವೆಲ್ಲ ನಮ್ಮ ಕಡಿದಾದ ಮಗ್ಗುಲುಗಳು. ಅಲ್ಲಿಂದ ಯಾರೂ ಬರಲಾರರು ಎಂದು ನಾವು ನಂಬಿದ್ದೇವೆ.

ಭಯಪಡಿಸಿ ಎಚ್ಚರಿಸುವವರ ಸಂಗಡ ಹಣದ ಮಾತು ಎಷ್ಟು ಬೇಗ ಬರುತ್ತದೆಂಬುದನ್ನೂ ಗಮನಿಸಬೇಕು. ನೇರ ಪ್ರಸಾರದ ಪ್ರಾರ್ಥನೆಯ ನಡುವೆ ಪರದೆಯ ಮೇಲೆ ಕ್ಯೂಆರ್ ಕೋಡ್ ಮೂಡುತ್ತದೆ, ಇಂತಿಷ್ಟು ಕಳುಹಿಸಿದರೆ ಇಂಥ ಆಶೀರ್ವಾದ ಎಂಬ ಮಾತು ಬರುತ್ತದೆ, ಔಷಧಿಗೆಂದು ಇಟ್ಟ ಹಣವನ್ನು ವಿಧವೆಯರು ಕಳುಹಿಸುತ್ತಾರೆ. ಆತ್ಮಗಳನ್ನು ಪರೀಕ್ಷಿಸಿರಿ ಎಂದು ಯೋಹಾನನ ಮೊದಲನೆಯ ಪತ್ರ ಹೇಳುವುದು ಇಂಥ ಹೊತ್ತಿಗಾಗಿಯೇ. ಪರಿಶೀಲಿಸದ ಸುದ್ದಿಯನ್ನು, ಅದರಲ್ಲಿಯೂ ಬೇರೆ ಧರ್ಮದ ನೆರೆಯವರ ಮೇಲೆ ಅನುಮಾನ ಹುಟ್ಟಿಸುವ ಸುದ್ದಿಯನ್ನು ಮುಂದಕ್ಕೆ ತಳ್ಳುವುದು, ಎಚ್ಚರಿಕೆಯ ಹೆಸರಿನಲ್ಲಿ ನಡೆದರೂ, ನೆರೆಯವನ ಮೇಲೆ ಸುಳ್ಳುಸಾಕ್ಷಿ ಹೇಳಬಾರದೆಂಬ ಆಜ್ಞೆಯನ್ನು ಮೀರುವುದೇ ಆಗುತ್ತದೆ.

ಹಾಗಾದರೆ ಏನು ಮಾಡಬೇಕು? ನಿದ್ದೆಗೆಡಬೇಕೆಂದು ನಾನು ಹೇಳುತ್ತಿಲ್ಲ. ಹತ್ತು ಮಂದಿ ಕನ್ಯೆಯರ ಸಾಮ್ಯದಲ್ಲಿ ಮದಲಿಂಗನು ಬರುವುದು ತಡವಾದಾಗ ಹತ್ತೂ ಜನರು ತೂಕಡಿಸಿ ಮಲಗಿದರು, ಬುದ್ಧಿವಂತೆಯರೂ ಮಲಗಿದರು ಎಂಬುದನ್ನು ನಾವು ಮರೆಯುತ್ತೇವೆ. ಐವರು ಮಲಗುವ ಮೊದಲೇ ದೀಪಕ್ಕೆ ಬೇಕಾದ ಎಣ್ಣೆಯನ್ನು ಇಟ್ಟುಕೊಂಡಿದ್ದರು, ಅಷ್ಟೇ ವ್ಯತ್ಯಾಸ. ರಾತ್ರಿ ಪಾಳಿಯಲ್ಲಿ ದುಡಿಯುವ ನರ್ಸುಗಳು, ಅಮೆರಿಕದ ಗಡಿಯಾರಕ್ಕೆ ಕಟ್ಟುಬಿದ್ದ ಯುವಕರು ಈ ಊರಿನಲ್ಲಿ ಸಾವಿರಾರು ಮಂದಿ. ಅವರಿಗೆ ಇಡೀ ರಾತ್ರಿಯ ಪ್ರಾರ್ಥನಾ ಕೂಟಕ್ಕೆ ಬರಲಿಲ್ಲವೆಂಬ ಅಪರಾಧ ಭಾವ ಹೊರಿಸುವುದು ನ್ಯಾಯವಲ್ಲ. ಮಂಚದ ಮೇಲಿನ ರೋಗಿಯ ಉಸಿರನ್ನು ಮೂರು ಗಂಟೆಯ ಜಾವದಲ್ಲಿ ಬಂದು ನೋಡುವವರು ಎಚ್ಚರವಾಗಿಯೇ ಇದ್ದಾರೆ.

16ನೇ ಶತಮಾನದಲ್ಲಿ ಸಂತ ಇಗ್ನೇಷಿಯಸ್ ಲೊಯೋಲ ಕಲಿಸಿಕೊಟ್ಟ ಆತ್ಮಪರಿಶೀಲನೆಯನ್ನು ಅವರು ಸ್ಥಾಪಿಸಿದ ಜೆಸ್ವಿಟ್ ಸಂಘದ ಗುರುಗಳು ಇಂದಿಗೂ ದಿನಕ್ಕೆರಡು ಸಲ ಮಾಡುತ್ತಾರೆ. ಅದು ಸರಳವಾದದ್ದು. ಮೊದಲು ದಿನದ ಒಳಿತುಗಳಿಗಾಗಿ ಕೃತಜ್ಞತೆ, ಆಮೇಲೆ ಸರಿಯಾಗಿ ಕಾಣಲು ಬೆಳಕು ಬೇಡುವುದು, ಗಂಟೆ ಗಂಟೆಯಾಗಿ ದಿನವನ್ನು ನೆನೆಯುವುದು, ತಪ್ಪಿದ್ದಕ್ಕೆ ಕ್ಷಮೆ ಕೇಳುವುದು, ನಾಳೆಗೊಂದು ನಿರ್ಧಾರ. ಪ್ರೊಟೆಸ್ಟೆಂಟ್ ಸಭೆಯವನಾದ ನಾನು ಇದನ್ನು ಕಥೋಲಿಕ ಸ್ನೇಹಿತರಿಂದ ಕಲಿತೆ. ಇದಕ್ಕೆ ಹಣ ಬೇಡ, ಧ್ವನಿವರ್ಧಕ ಬೇಡ, ಮೆಟ್ರೊದಲ್ಲಿ ನಿಂತುಕೊಂಡೂ ಮಾಡಬಹುದು. ಗಂಟೆ ಗಂಟೆಯಾಗಿ ನೆನೆಯುವವನಿಗೆ ಗೇಟಿನ ಹತ್ತಿರ ಆಡಿದ ಮಾತು ನೆನಪಿಗೆ ಬಂದೇ ಬರುತ್ತದೆ.

ವಾಚ್ ನೈಟ್ ಆರಾಧನೆಯ ಮೂಲವನ್ನೂ ನಮ್ಮ ಮಕ್ಕಳಿಗೆ ಹೇಳಿಕೊಡಬೇಕು. 18ನೇ ಶತಮಾನದಲ್ಲಿ ಮೊರೇವಿಯನ್ ಸಹೋದರರೆಂಬ ಪ್ರೊಟೆಸ್ಟೆಂಟ್ ಪಂಗಡದಲ್ಲಿದ್ದ ಈ ಪದ್ಧತಿ ಜಾನ್ ವೆಸ್ಲಿ ಹುಟ್ಟುಹಾಕಿದ ಮೆಥಡಿಸ್ಟ್ ಪಂಗಡದಲ್ಲಿ ಬೇರೂರಿದ್ದು ಇಂಗ್ಲೆಂಡಿನ ಕಿಂಗ್ಸ್‌ವುಡ್ ಎಂಬಲ್ಲಿನ ಕಲ್ಲಿದ್ದಲು ಗಣಿಯ ಕೂಲಿಗಳಿಂದ. ಹಿಂದೆ ಸಾರಾಯಿ ಅಂಗಡಿಯಲ್ಲಿ ಕಳೆಯುತ್ತಿದ್ದ ರಾತ್ರಿಗಳನ್ನು ಅವರು ಪ್ರಾರ್ಥನೆಯಲ್ಲಿ ಕಳೆಯತೊಡಗಿದರು. ನಮ್ಮ ಹಡ್ಸನ್ ಸ್ಮಾರಕ ದೇವಾಲಯವನ್ನು 1904ರಲ್ಲಿ ಕಟ್ಟಿದವರೂ ಆ ವೆಸ್ಲಿಯನ್ ಮಿಷನ್ನಿನವರೇ. ಬೆಂಗಳೂರಿನ ಕನ್ನಡ ಸಭೆಗಳಿಗೆ ಈ ಆರಾಧನೆ ಹೊರಗಿನಿಂದ ತಂದ ಹೊಸ ಆಡಂಬರವಲ್ಲ, ದುಡಿಯುವ ಜನ ತಮ್ಮ ವಾರದ ಬದುಕನ್ನು ತಿದ್ದಿಕೊಂಡದ್ದರ ನೆನಪು.

ಯೆರೂಸಲೇಮಿನ ಗೋಡೆ ಕಟ್ಟುವಾಗ ನೆಹೆಮೀಯನ ಜನರು ದೇವರಿಗೆ ಪ್ರಾರ್ಥಿಸಿದರು, ಹಗಲಿರುಳು ಕಾವಲನ್ನೂ ಇಟ್ಟರು. ಗೋಡೆ ಮುಗಿದ ಮೇಲೆ ನೆಹೆಮೀಯನು ಊರಿನವರಲ್ಲಿ ಕೆಲವರನ್ನು ಕಾವಲುಗಳಲ್ಲಿ, ಉಳಿದವರನ್ನು ಅವರವರ ಮನೆಗಳ ಎದುರಿಗೇ ನಿಲ್ಲಿಸಿದನು. ನಮ್ಮ ಸಭಾಪಾಲಕರಲ್ಲಿ ಮತ್ತು ಗುರುಗಳಲ್ಲಿ ನನ್ನ ವಿನಂತಿ ಇದೇ. ಈ ಸಲ ಆಗಮನ ಕಾಲದ ಮೊದಲ ಭಾನುವಾರ ಎಚ್ಚರದ ಪ್ರಸಂಗ ಮಾಡುವಾಗ ದೂರದ ದೇಶಗಳ ಯುದ್ಧಗಳನ್ನು ಎಣಿಸುವುದನ್ನು ಕಡಿಮೆ ಮಾಡಿ, ಮನೆಯವರೊಡನೆ ಆಡುವ ಮಾತು, ಕೆಲಸದವರ ಸಂಬಳ ಮತ್ತು ವಾರದ ರಜೆ, ಕೈಯಲ್ಲಿರುವ ಫೋನು, ಕರಾರು ಪತ್ರದ ಮೇಲಿನ ಮೊತ್ತ, ಸಭೆಯ ಲೆಕ್ಕಪತ್ರ, ಇವುಗಳ ಹೆಸರು ಹಿಡಿದು ಮಾತನಾಡಿರಿ. ಆರಾಧನೆ ಮುಗಿಸಿ ಹೋಗುವ ಕುಟುಂಬಗಳಿಗೆ ಅಂದು ರಾತ್ರಿಯೇ ಹದಿನೈದು ನಿಮಿಷ ಒಟ್ಟಿಗೆ ಕೂತು ಆತ್ಮಪರಿಶೀಲನೆ ಮಾಡುವಂತೆ ಹೇಳಿ, ಅದನ್ನು ಹೇಗೆ ಮಾಡುವುದೆಂದು ವೇದಿಕೆಯ ಮೇಲಿಂದಲೇ ಒಮ್ಮೆ ಮಾಡಿ ತೋರಿಸಿರಿ.

ಇತಿ,
ತಮ್ಮ ಪತ್ರಿಕೆಯ ಓದುಗ,
ಬೆಂಗಳೂರು